ನಾಲ್ಕು ಜನ ಏನೆಂದಾರು? — ಹೈದರಾಬಾದಿನ ಇತಿಹಾಸದಿಂದ ಒಂದು ಪಾಠ

ನಾನು ಇತಿಹಾಸವನ್ನು ಕ್ರಮವಾಗಿ ಓದಿದವನಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಈ ನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ, ಬೆಳಗಿನಿಂದ ಸಂಜೆಯವರೆಗೆ ಜಮಾ-ಖರ್ಚುಗಳ ನಡುವೆ ಕಾಲ ಕಳೆಯುವವನು. ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಒತ್ತಾಯ ಮಾಡಿದಾಗ, ಪಂಡಿತರು ಬರೆಯಬೇಕಾದ ಕಡೆಯಲ್ಲಿ ನನಗೇನು ಕೆಲಸವೆಂದು ಹಿಂಜರಿದೆ. ಆದರೆ ಆ ವಾರವೇ ನನ್ನ ಕೌಂಟರಿನ ಮುಂದೆ ನಡೆದ ಒಂದು ಸಣ್ಣ ಸಂಗತಿ ನಾನು ಲೇಖನಿ ಹಿಡಿಯುವಂತೆ ಮಾಡಿತು.

ಕಟ್ಟಡದ ಕೆಲಸಕ್ಕೆ ಬಂದ ಒಬ್ಬ ಮುದುಕಿ ಹಣ ತೆಗೆಯಲು ಸಾಲಿನಲ್ಲಿ ನಿಂತಿದ್ದಳು. ಅರ್ಧಂಬರ್ಧ ಹಿಂದಿಯಲ್ಲಿ ತಡವರಿಸುತ್ತ ಕೇಳಿದಳು. ನಾನೂ ಹಿಂದಿಯಲ್ಲಿಯೇ ಉತ್ತರ ಕೊಟ್ಟೆ. ಪಾಸ್‌ಬುಕ್ಕಿನಲ್ಲಿದ್ದ ಹೆಸರನ್ನೂ ಆಕೆಯ ಸೀರೆಯ ಉಡುಗೆಯನ್ನೂ ನೋಡಿದಾಗಲೇ ಈಕೆ ಯಾದಗಿರಿಯ ಕಡೆಯವಳೆಂದು ನನಗೆ ಹೊಳೆದಿತ್ತು. ಆದರೂ ಹಿಂದೆ ನಿಂತಿದ್ದ ಸಾಲು, ಪಕ್ಕದ ಸಹೋದ್ಯೋಗಿಗಳು, ಒಳಕೋಣೆಯ ಮೇಲಧಿಕಾರಿ, ಇವರೆಲ್ಲರ ನಡುವೆ ಕನ್ನಡ ಬಾಯಿಗೆ ಬರಲಿಲ್ಲ. ಕೊನೆಗೆ ಆಕೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತ, ತನ್ನಷ್ಟಕ್ಕೆ ತಾನು, "ಎಲ್ಲಿ ಒತ್ತಬೇಕೋ ಏನೋ, ಯವ್ವಾ" ಎಂದಾಗ, "ಇಲ್ಲೇ ಒತ್ತಿರಿ, ಅಮ್ಮ" ಎಂಬ ಮಾತು ನನ್ನಿಂದ ಹೊರಬಿತ್ತು. ಆಕೆ ತಲೆಯೆತ್ತಿ ನೋಡಿ, "ನೀ ನಮ್ಮ ಕಡೆಯಾಂವೇನಪಾ? ಮತ್ತ ಇಷ್ಟೊತ್ತನಕ ಯಾಕ ಹಿಂದ್ಯಾಗ ಮಾತಾಡಿದಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ಯಾರೂ ಕನ್ನಡ ಆಡಬೇಡವೆಂದು ಆಜ್ಞೆ ಮಾಡಿರಲಿಲ್ಲ. ಆಕೆಗೂ ಯಾರೂ ಹೇಳಿರಲಿಲ್ಲ. ಇಬ್ಬರು ಕನ್ನಡಿಗರು, ಇಬ್ಬರಿಗೂ ಸಲೀಸಲ್ಲದ ಮೂರನೆಯ ಭಾಷೆಯಲ್ಲಿ ಹತ್ತು ನಿಮಿಷ ತೊಳಲಾಡಿದೆವು. ನಮ್ಮನ್ನು ಹೀಗೆ ಮಾಡಿಸಿದ್ದು ಯಾವ ಶಕ್ತಿ? ನಮ್ಮ ಹಿರಿಯರು ಅದಕ್ಕೆ ಬಹು ಹಿಂದೆಯೇ ಹೆಸರಿಟ್ಟಿದ್ದಾರೆ: 'ನಾಲ್ಕು ಜನ.' ನಾಲ್ಕು ಜನ ಏನೆಂದಾರು, ನಾಲ್ಕು ಜನ ಮಾಡಿದಂತೆ ಮಾಡಬೇಕು, ನಾಲ್ಕು ಜನರ ಎದುರಿಗೆ ಮರ್ಯಾದೆ ಹೋದೀತು ಎನ್ನುತ್ತೇವೆ. ಈ ನಾಲ್ವರು ಯಾರೆಂದು ಯಾರೂ ಎಣಿಸಿ ನೋಡಿಲ್ಲ. ಆದರೆ ನಮ್ಮ ಉಡುಪು, ಊಟ, ಮದುವೆ, ಮಾತು, ಮನಸ್ಸಿನ ನಂಬಿಕೆ ಎಲ್ಲದರ ಮೇಲೂ ಇವರ ಮೊಹರು ಬಿದ್ದಿರುತ್ತದೆ. ಇದನ್ನೇ ವಿದ್ವಾಂಸರು ಸಾಮಾಜಿಕ ಪ್ರಭಾವವೆನ್ನುತ್ತಾರೆ. ನಾವು ವಾಸಿಸುತ್ತಿರುವ ಈ ಹೈದರಾಬಾದಿನ ಚರಿತ್ರೆಯಲ್ಲಿ ಆ ಶಕ್ತಿ ಹೇಗೆ ಕೆಲಸ ಮಾಡಿತೆಂಬುದನ್ನು ಸ್ಥೂಲವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯ ಹೈದರಾಬಾದು

ನಿಜಾಮರ ಹೈದರಾಬಾದು ಸಂಸ್ಥಾನವು ಸುಮಾರು 82,000 ಚದರ ಮೈಲಿಯ ದೊಡ್ಡ ರಾಜ್ಯವಾಗಿದ್ದಿತು. 16 ಜಿಲ್ಲೆಗಳ ಪೈಕಿ 8 ತೆಲುಗಿನವು, 5 ಮರಾಠಿಯವು, ಗುಲ್ಬರ್ಗಾ, ರಾಯಚೂರು, ಬೀದರ ಈ 3 ಕನ್ನಡದವು. ಪ್ರಜೆಗಳಲ್ಲಿ ತೆಲುಗರು ಹತ್ತಿರ ಹತ್ತಿರ ಅರ್ಧದಷ್ಟು, ಮರಾಠಿಗರು ಸುಮಾರು ಕಾಲು ಭಾಗ. ಕನ್ನಡಿಗರೂ ಉರ್ದು ಮಾತೃಭಾಷೆಯವರೂ ತಲಾ ಹತ್ತರಲ್ಲೊಂದು ಪಾಲು ಅಥವಾ ಅದಕ್ಕಿಂತ ತುಸು ಹೆಚ್ಚು.

ಮೊದಲು ದರಬಾರಿನ ಭಾಷೆ ಫಾರಸಿ ಆಗಿದ್ದಿತು. 1880ರ ದಶಕದಲ್ಲಿ ಅದರ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಮೀರ್ ಉಸ್ಮಾನ್ ಅಲೀ ಖಾನರು ಉಸ್ಮಾನಿಯಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ ಶಿಕ್ಷಣ ಮಾಧ್ಯಮವೂ ಉರ್ದುವೇ ಆಯಿತು. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಂಗ್ಲಿಷು ಬಿಟ್ಟರೆ ಉನ್ನತ ವಿದ್ಯೆಯೇ ಇಲ್ಲವೆಂದು ಇಡೀ ದೇಶ ನಂಬಿದ್ದ ಕಾಲದಲ್ಲಿ, ದೇಶಭಾಷೆಯೊಂದರಲ್ಲಿ ವೈದ್ಯವನ್ನೂ ಎಂಜಿನಿಯರಿಂಗನ್ನೂ ಕಲಿಸಬಹುದೆಂದು ಮಾಡಿ ತೋರಿಸಿದ ಕೀರ್ತಿ ಆ ಸಂಸ್ಥೆಗೆ ಸಲ್ಲುತ್ತದೆ. ಅದಕ್ಕಾಗಿ ಭಾಷಾಂತರ ಇಲಾಖೆಯೊಂದು ಎಷ್ಟೋ ಪಾರಿಭಾಷಿಕ ಶಬ್ದಗಳನ್ನು ಕಟ್ಟಿತು. ಕೊರತೆಯೆಂದರೆ ಇಷ್ಟೇ: ಹತ್ತರಲ್ಲೊಬ್ಬನ ಮನೆಮಾತು ಹತ್ತೂ ಮಂದಿಯ ವಿದ್ಯೆಯ ಬಾಗಿಲಾಯಿತು.

ಆ ಬಾಗಿಲಿನಲ್ಲಿ ನಮ್ಮ ಅಜ್ಜಂದಿರು ನುಗ್ಗಿ ಬಂದರು. ನನ್ನ ಸ್ವಂತ ಮುತ್ಯಾ (ನಮ್ಮ ರಾಯಚೂರು ಸೀಮೆಯಲ್ಲಿ ಅಜ್ಜನನ್ನು ಹಾಗೆ ಕರೆಯುತ್ತೇವೆ) ಓದಿದ್ದು ಉರ್ದುವಿನಲ್ಲಿ, ಲೆಕ್ಕ ಬರೆದದ್ದು ಉರ್ದುವಿನಲ್ಲಿ, ಸಹಿ ಮಾಡುತ್ತಿದ್ದುದೂ ಬಲದಿಂದ ಎಡಕ್ಕೆ. ಮನೆಯಲ್ಲಿ ಅಚ್ಚ ಕನ್ನಡ. ಆದರೆ ಕಚೇರಿಯ ಮಂದಿ ಬಾಗಿಲಿಗೆ ಬಂದರೆ ಅವರ ಕನ್ನಡ ಅಡಿಗೆಮನೆಗೆ ಸರಿದುಬಿಡುತ್ತಿತ್ತು. ನಮ್ಮ ಅಜ್ಜಿ ಅದನ್ನು ನೆನೆದು ನಗುತ್ತಿದ್ದಳು: "ನಾಲ್ಕು ಮಂದಿ ಬಂದ್ರಂದ್ರ ನಿಮ್ಮ ಮುತ್ಯಾನ ನಾಲಿಗಿನೇ ಬ್ಯಾರೆ ಆಗ್ತಿತ್ತು."

ಇದರಲ್ಲಿ ಎರಡು ಬಗೆಯ ಪ್ರಭಾವಗಳಿವೆ. ಇವೆರಡನ್ನೂ ಬೇರೆ ಮಾಡಿ ನೋಡುವುದು ಅವಶ್ಯಕ. ಒಂದು, ಕೂಡಿ ಬಾಳುವಾಗ ಬರುವ ಕೊಡುಗೆ. ಅರ್ಜಿ, ದಾಖಲೆ, ಜಮೀನು, ವಕೀಲ, ಜಾಮೀನು, ಶಿಫಾರಸು, ವಸೂಲಿ, ಬಾಕಿ, ಜಮಾ, ಖರ್ಚು ಈ ಮಾತುಗಳು ಫಾರಸಿ-ಅರಬ್ಬಿ ಮೂಲದಿಂದ ಬಂದು ನಮ್ಮವಾಗಿವೆ. ಇವನ್ನು ಕಿತ್ತುಹಾಕಿದರೆ ನನ್ನಂಥ ಗುಮಾಸ್ತನ ಖಾತೆಪುಸ್ತಕ ಅರ್ಧ ಖಾಲಿಯಾದೀತು. ಇದರಿಂದ ಕನ್ನಡ ಬಡವಾಗಲಿಲ್ಲ. ಉಸ್ಮಾನಿಯಾದಲ್ಲಿ ಓದಿ, ಹೈದರಾಬಾದಿನ ಸರಕಾರಿ ಸೇವೆಯಲ್ಲಿದ್ದ ಸಿದ್ಧಯ್ಯ ಪುರಾಣಿಕರು 'ಕಾವ್ಯಾನಂದ'ರೆಂದು ಕನ್ನಡದಲ್ಲಿ ಹೆಸರಾದರು. ಉರ್ದು ಕಾವ್ಯದ ಸವಿ ಬಲ್ಲ ರಾಯಚೂರಿನ ಶಾಂತರಸರು ಗಜಲನ್ನು ಕನ್ನಡದ ನೆಲದಲ್ಲಿ ಬೆಳೆಸಿದರು. ಇದು ಹಿರಿಮೆಯ ಪ್ರಭಾವ.

ಇನ್ನೊಂದು, ನಾಚಿಕೆಯ ರೂಪದಲ್ಲಿ ಬರುವ ಪ್ರಭಾವ. ಅದು ಹೊಸ ಶಬ್ದವನ್ನು ಕೊಡುವುದಿಲ್ಲ, ಇದ್ದ ಬಾಯನ್ನು ಮುಚ್ಚಿಸುತ್ತದೆ. ಅದರ ಸ್ವರೂಪ ತಿಳಿಯಬೇಕಾದರೆ ಈ ಊರಿನಲ್ಲಿಯೇ ನಡೆದ ಒಂದು ಸಭೆಯ ಕಥೆಯನ್ನು ಕೇಳಬೇಕು.

ಒಂದು ಸಭೆಯ ಕಥೆ

ಅದು 1921ನೆಯ ಇಸವಿಯ ನವೆಂಬರ್ ತಿಂಗಳು. ನಗರದ ವಿವೇಕವರ್ಧಿನೀ ನಾಟಕಗೃಹದಲ್ಲಿ ಹಿಂದೂ ಸಮಾಜ ಸುಧಾರಣಾ ಸಮ್ಮೇಳನ ಸೇರಿದ್ದಿತು. ಸ್ತ್ರೀಶಿಕ್ಷಣಕ್ಕಾಗಿ ಬಾಳನ್ನೇ ಸವೆಸಿದ ಮಹರ್ಷಿ ಧೊಂಡೋ ಕೇಶವ ಕರ್ವೆಯವರು ಅಧ್ಯಕ್ಷರು. ಸೇರಿದವರು ವಿದ್ಯಾವಂತರು, ಸುಧಾರಕರು. ಭಾಷಣಗಳು ಉರ್ದು, ಮರಾಠಿ, ಇಂಗ್ಲಿಷುಗಳಲ್ಲಿ ನಡೆದವು. ಯಾರೂ ಆಕ್ಷೇಪಿಸಲಿಲ್ಲ. ಆಗ ಆಲಂಪಲ್ಲಿ ವೆಂಕಟರಾಮಾರಾವ್ ಎಂಬ ವಕೀಲರು ಎದ್ದು ತೆಲುಗಿನಲ್ಲಿ ಮಾತನಾಡತೊಡಗಿದರು. ಒಡನೆಯೇ ಸಭಿಕರಲ್ಲಿ ಅನೇಕರು ಗದ್ದಲವೆಬ್ಬಿಸಿದರು, ಅಣಕಿಸಿ ನಕ್ಕರು. ಅವರ ಭಾಷಣ ಮುಂದುವರಿಯದಂತಾಯಿತು.

ವಾಚಕರು ಒಂದು ಕ್ಷಣ ಯೋಚಿಸಬೇಕು. ತೆಲುಗು ಆ ರಾಜ್ಯದ ಅರ್ಧದಷ್ಟು ಪ್ರಜೆಗಳ ಭಾಷೆ. ತೆಲುಗಿನಲ್ಲಿ ಮಾತನಾಡಬಾರದೆಂಬ ಕಾನೂನು ಆ ಸಭೆಯಲ್ಲಿರಲಿಲ್ಲ. ಪೊಲೀಸರು ಬಂದು ಅವರನ್ನು ಕೂರಿಸಲಿಲ್ಲ. ಕೂರಿಸಿದ್ದು ನಗು. ನಕ್ಕವರೂ ದುಷ್ಟರಲ್ಲ. ಸಮಾಜವನ್ನು ತಿದ್ದಲೆಂದು ಮನೆ ಬಿಟ್ಟು ಬಂದ ಸಜ್ಜನರು. ಸಭೆಯೆಂದರೆ ಇಂಥಿಂಥ ಭಾಷೆಯಲ್ಲಿ ನಡೆಯತಕ್ಕದ್ದು, ತೆಲುಗು ಹೊಲ-ಮನೆಗಳಿಗೆ ಸರಿ ಎಂಬ ಭಾವನೆ ಅವರ ಮನಸ್ಸಿನಲ್ಲಿ ಯಾವಾಗಲೋ ಬೇರೂರಿದ್ದಿತು. ಒಬ್ಬ ನಕ್ಕ, ಪಕ್ಕದವನು ನಕ್ಕದ್ದನ್ನು ಕಂಡು ಇನ್ನೊಬ್ಬ ನಕ್ಕ. ಸಾಲುಸಾಲಾಗಿ ನಗು ಹಬ್ಬಿತು. ಸಾಮಾಜಿಕ ಪ್ರಭಾವದ ಪ್ರಾಬಲ್ಯ ಇಂಥದು. ಅದು ಒಳ್ಳೆಯವರ ಕೈಯಿಂದಲೂ ಅನ್ಯಾಯವನ್ನು ಮಾಡಿಸಬಲ್ಲುದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಪಮಾನದಿಂದ ಹೊರಬಿದ್ದ ಬೆರಳೆಣಿಕೆಯ ಕೆಲವರು ತಡಮಾಡದೆ ಒಂದೆಡೆ ಸೇರಿದರು. ಸೇರಿ ಆಂಧ್ರ ಜನ ಸಂಘವೆಂಬ ಪುಟ್ಟ ಸಂಸ್ಥೆಯನ್ನು ಕಟ್ಟಿದರು. ಆ ಗುಂಪಿನಲ್ಲಿದ್ದ ಮಾಡಪಾಟಿ ಹನುಮಂತರಾಯರು ಮುಂದೆ 1951ರಲ್ಲಿ ಈ ನಗರದ ಪ್ರಥಮ ಮೇಯರರಾದರು. ಬೂರ್ಗುಲ ರಾಮಕೃಷ್ಣರಾಯರು 1952ರಲ್ಲಿ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಗಳಾದರು. ಸಂಘವು ಊರೂರಿನಲ್ಲಿ ವಾಚನಾಲಯ, ಶಾಲೆಗಳ ಕೆಲಸ ಹಿಡಿಯಿತು. 1930ರಲ್ಲಿ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆಯ ಮೊದಲ ಅಧಿವೇಶನ ಸೇರಿತು. ಆ ದಶಕದಲ್ಲಿಯೇ ಅದನ್ನು ಕಂಡು ಮರಾಠಿಗರು ಮಹಾರಾಷ್ಟ್ರ ಪರಿಷತ್ತನ್ನೂ ಕನ್ನಡಿಗರು ಕರ್ನಾಟಕ ಪರಿಷತ್ತನ್ನೂ ಕಟ್ಟಿಕೊಂಡರು. ನಗು ಹೇಗೆ ಒಬ್ಬರಿಂದೊಬ್ಬರಿಗೆ ಹಬ್ಬಿತೋ ಧೈರ್ಯವೂ ಹಾಗೆಯೇ ಹಬ್ಬಿತು. ಮನೆಯೊಂದರಲ್ಲಿ ಕುಳಿತಿದ್ದ ಕೆಲವರೇ ಹೊಸ 'ನಾಲ್ಕು ಜನ'ರಾದರು.

ಲೆಕ್ಕ ಕೊಟ್ಟ ಉತ್ತರ

ನಡತೆಯಂತೆ ನಂಬಿಕೆಯೂ ನಾಲ್ವರ ಬಾಯಿಂದ ಬರುತ್ತದೆ. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲವೆಂಬ ಮಾತೊಂದು ಆ ಕಾಲದಲ್ಲಿ ಪ್ರಚಾರದಲ್ಲಿದ್ದಿತು. ಹೇಳಿದವರು ಹುಡುಕಿ ನೋಡಿ ಹೇಳಿದ್ದಲ್ಲ. ಕೇಳಿದವರೂ ಪರೀಕ್ಷಿಸಿ ಒಪ್ಪಿದ್ದಲ್ಲ. ಎಲ್ಲರೂ ಹೇಳುತ್ತಾರಾದ್ದರಿಂದ ನಿಜವಿರಬೇಕು ಎಂದಷ್ಟೇ. 'ಗೋಲ್ಕೊಂಡ' ಪತ್ರಿಕೆಯ ಸಂಪಾದಕರಾಗಿದ್ದ ಸುರವರಂ ಪ್ರತಾಪರೆಡ್ಡಿಯವರಿಗೆ ಈ ಮಾತು ಚುಚ್ಚಿತು. ಅವರು ಜಗಳಕ್ಕೆ ಹೋಗಲಿಲ್ಲ. ಕವಿಗಳ ಹೆಸರನ್ನೂ ರಚನೆಗಳನ್ನೂ ಸಂಗ್ರಹಿಸಿ, 1934ರಲ್ಲಿ 354 ಕವಿಗಳನ್ನೊಳಗೊಂಡ ಸಂಚಿಕೆಯನ್ನು ಅಚ್ಚು ಹಾಕಿಸಿದರು. ಗಾಳಿಮಾತಿಗೆ ಲೆಕ್ಕದಿಂದ ಉತ್ತರ! ಗುಮಾಸ್ತನಾದ ನನಗೆ ಈ ಸಂಗತಿ ಬಹಳ ಹಿಡಿಸುತ್ತದೆ.

ನಮ್ಮವರೂ ಸುಮ್ಮನೆ ಕುಳಿತಿರಲಿಲ್ಲ. ಗುಲ್ಬರ್ಗಾದಲ್ಲಿ 1907ರಲ್ಲಿಯೇ ನೂತನ ವಿದ್ಯಾಲಯ ಹುಟ್ಟಿದ್ದಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಹೆಸರು ಉರ್ದುವಿನದು, ಅರ್ಥ ನೋವಿನಲ್ಲಿ ಜೊತೆಗಾರ. ಕನ್ನಡ ಸಾಹಿತ್ಯ ಸಮ್ಮೇಳನವು 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲ್ಬರ್ಗಾದಲ್ಲಿಯೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸೇರಿತು. ಮೈಸೂರಿನ ಪ್ರೊಫೆಸರರೂ ಮಂಗಳೂರಿನ ಕಡೆಯ ಸಾಹಿತಿಗಳೂ ನಿಜಾಮರ ಸೀಮೆಗೆ ಬಂದು, ತುಂಬಿದ ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಅಡಿಗೆಮನೆಗೆ ಸರಿದಿದ್ದ ಮಾತು ಚಪ್ಪರದ ಕೆಳಗೆ ಎದ್ದು ನಿಂತಾಗ, ಅಲ್ಲಿ ಕುಳಿತು ಕೇಳಿದ ಹಳ್ಳಿಯ ಮಾಸ್ತರನಿಗೆ ಎಷ್ಟು ಬಲ ಬಂದಿರಬೇಕೆಂಬುದನ್ನು ನಾವು ಊಹಿಸಬಹುದು. ಸಮ್ಮೇಳನಗಳ ನಿರ್ಣಯಗಳನ್ನು ಜನ ಮರೆಯುತ್ತಾರೆ. ಆದರೆ ಇಷ್ಟು ಮಂದಿ ನಮ್ಮವರಿದ್ದಾರೆಂದು ಕಣ್ಣಾರೆ ಕಂಡದ್ದನ್ನು ಮರೆಯುವುದಿಲ್ಲ.

ಹಾಲಿ ಸಿಕ್ಕದ ಪಾಠ

ಇಲ್ಲಿ ನನ್ನ ವೃತ್ತಿಯಿಂದ ಒಂದು ದೃಷ್ಟಾಂತ ಕೊಡಲು ಅಪ್ಪಣೆಯಾಗಲಿ. ಮುತ್ಯಾನ ಕಬ್ಬಿಣದ ಪೆಟ್ಟಿಗೆಯಲ್ಲಿ ಚಾರ್‌ಮಿನಾರಿನ ಚಿತ್ರವಿರುವ ಒಂದು ನಾಣ್ಯ ಸಿಕ್ಕಿತು. ಅದು ಹೈದರಾಬಾದಿನ ಹಾಲಿ ಸಿಕ್ಕ. ಇಂದಿಗೂ ನಾವು 'ಹಾಲಿ ಅಧ್ಯಕ್ಷರು' ಎನ್ನುವಾಗಿನ 'ಹಾಲಿ'ಯೇ ಇದು. ಎಂದರೆ ಈಗ ನಡೆಯುತ್ತಿರುವ ನಾಣ್ಯ. ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನು ಇಲ್ಲಿಯ ಜನ ಕಲ್‌ದಾರ್ ಎನ್ನುತ್ತಿದ್ದರು. 6 ಕಲ್‌ದಾರ್ ರೂಪಾಯಿಗೆ 7 ಹಾಲಿ ರೂಪಾಯಿ ಎಂಬುದು ಲೆಕ್ಕ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂದಾಗ, 1918ರಿಂದ ನಿಜಾಮ ಸರಕಾರ ಕಾಗದದ ನೋಟುಗಳನ್ನೂ ಹೊರಡಿಸಿತು. ದೇಶೀಯ ಸಂಸ್ಥಾನಗಳಲ್ಲಿ ಸ್ವಂತ ಕಾಗದದ ನೋಟಿನ ಹಕ್ಕು ಪಡೆದದ್ದು ಹೈದರಾಬಾದೊಂದೇ. ಆ ನೋಟುಗಳ ಮೇಲೆ ಉರ್ದುವಿನ ಜೊತೆಗೆ ಇಂಗ್ಲಿಷು, ತೆಲುಗು, ಮರಾಠಿ ಮತ್ತು ನಮ್ಮ ಕನ್ನಡದಲ್ಲಿಯೂ ಮೌಲ್ಯವನ್ನು ಅಚ್ಚು ಮಾಡಲಾಗಿದ್ದಿತು. ಸಭೆಯಲ್ಲಿ ನಾಚುತ್ತಿದ್ದ ಮಾತು ಸರಕಾರದ ನೋಟಿನ ಮೇಲಿದ್ದಿತೆಂಬುದು ಆಶ್ಚರ್ಯವಲ್ಲವೇ?

ನೋಟೆಂದರೇನು? ಒಂದು ತುಂಡು ಕಾಗದ. ಅದಕ್ಕೆ ಬದಲು ಕಿರಾಣಿ ಅಂಗಡಿಯವನು ಒಂದು ಚೀಲ ಜೋಳ ಕೊಡುವುದೇಕೆ? ನಾಳೆ ಅದನ್ನು ಮತ್ತೊಬ್ಬ ಬೇಡವೆನ್ನದೆ ತೆಗೆದುಕೊಳ್ಳುತ್ತಾನೆಂಬ ಭರವಸೆಯಿಂದ. ಆ ಮತ್ತೊಬ್ಬ ತೆಗೆದುಕೊಳ್ಳುವುದು ಮಗದೊಬ್ಬನ ಭರವಸೆಯಿಂದ. ಸರಕಾರದ ಮೊಹರು ಆ ಭರವಸೆಗೆ ಆಧಾರವೇ ಹೌದು. ಆದರೆ ನಾಣ್ಯಕ್ಕೆ ಜೀವ ಬರುವುದು ಕೈಯಿಂದ ಕೈಗೆ ನಡೆದಾಗಲೇ. ಅದಕ್ಕಾಗಿಯೇ ನಮ್ಮ ಹಿರಿಯರು 'ಚಲಾವಣೆ' ಎಂಬ ಒಳ್ಳೆಯ ಶಬ್ದವನ್ನು ಬಳಸಿದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಭಾರತದ ರೂಪಾಯಿ ಇಲ್ಲಿಯೂ ನೆಲೆಯಾಯಿತು. ಹಾಲಿ ಸಿಕ್ಕವನ್ನು ಒಡನೆಯೇ ರದ್ದುಮಾಡಲಿಲ್ಲ. 1959ರವರೆಗೂ ಅದಕ್ಕೆ ಕಾನೂನಿನ ಮಾನ್ಯತೆ ಉಳಿದಿದ್ದಿತು. ಆಮೇಲೆ ಅದು ಪೆಟ್ಟಿಗೆಯ ತಳ ಸೇರಿತು. ಲೋಹ ಅದೇ, ಚಾರ್‌ಮಿನಾರಿನ ಚಿತ್ರವೂ ಅದೇ. ಚಲಾವಣೆ ಮಾತ್ರ ಇಲ್ಲ.

ನುಡಿಯೂ ಹೀಗೆಯೇ ಎಂದು ನನಗೆ ತೋರುತ್ತದೆ. ಇಂದು ನಾನು ದಿನಕ್ಕೆ ನೂರಾರು ಸಲ ಎಣಿಸುವ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಅದರಲ್ಲಿ ನಾಲ್ಕನೆಯ ಸಾಲು ಕನ್ನಡದ್ದು. ಆ ಸಾಲನ್ನು ಬೆರಳಿನ ಕೆಳಗೆ ಇಟ್ಟುಕೊಂಡೇ ನಾನು ಆ ಮುದುಕಿಯೊಡನೆ ಕನ್ನಡ ಆಡದೆ ಹೋದೆ. ಅಚ್ಚಿನಲ್ಲಿರುವುದು ಬೇರೆ, ಚಲಾವಣೆಯಲ್ಲಿರುವುದು ಬೇರೆ.

ಜೊತೆಗೊಬ್ಬ

ಹಾಗಾದರೆ ನಾಲ್ವರ ಎದುರಿನಲ್ಲಿ ಒಬ್ಬನು ಮಾಡಬಹುದಾದದ್ದೇನೂ ಇಲ್ಲವೇ? ಈ ಪ್ರಶ್ನೆಯನ್ನು ಅಮೆರಿಕೆಯ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರು ಪ್ರಯೋಗದಿಂದಲೇ ಪರೀಕ್ಷಿಸಿದರು. 1951ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹು ಸರಳವಾದುದು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದದ್ದು ಯಾವುದೆಂದು ಕೇಳುವುದು. ಮಗುವೂ ಹೇಳಬಲ್ಲ ಪ್ರಶ್ನೆ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬನೇ ಪರೀಕ್ಷೆಗೆ ಗುರಿಯಾದವನು. ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೂ ಸುಮಾರು ಮೂರರಲ್ಲಿ ಒಂದು ಉತ್ತರ ಗುಂಪಿನ ಕಡೆಗೆ ವಾಲಿತು. ಗೆರೆಯ ಅಳತೆಯಲ್ಲಿಯೇ ಹೀಗಾದರೆ, ಅಳತೆಗೋಲಿಲ್ಲದ ಮಾನ-ಅವಮಾನಗಳ ವಿಷಯದಲ್ಲಿ ಹೇಗಾದೀತು!

ಆದರೆ ಪ್ರಯೋಗದ ಮುಂದಿನ ಭಾಗವೇ ನಮಗೆ ಮುಖ್ಯ. ಗುಂಪಿನಲ್ಲಿ ಇನ್ನೊಬ್ಬನು ಸರಿಯಾದ ಉತ್ತರ ಹೇಳುವಂತೆ ಏರ್ಪಾಡು ಮಾಡಿದಾಗ ಗುಂಪಿನ ಬಲ ಬಹುಮಟ್ಟಿಗೆ ಕುಸಿದುಹೋಯಿತು. ಹತ್ತು ಜನ ಬೇಕಾಗಲಿಲ್ಲ, ಒಬ್ಬ ಜೊತೆಗಾರ ಸಾಕಾಯಿತು. ಆ ಜೊತೆಗಾರನು ನಡುವೆ ಎದ್ದು ಹೊರಗೆ ಹೋದರೂ ಅವನು ಕೊಟ್ಟುಹೋದ ಧೈರ್ಯ ಬಹುಪಾಲು ಉಳಿಯಿತು. ಆದರೆ ಅವನು ಅಲ್ಲಿಯೇ ಕುಳಿತು ಗುಂಪಿನ ಪಕ್ಷಕ್ಕೆ ಹೊರಳಿದಾಗ ಮಾತ್ರ ಒಬ್ಬಂಟಿಯು ಮತ್ತೆ ಗುಂಪಿಗೆ ಶರಣಾಗತೊಡಗಿದ.

ಈ ಸಂಗತಿಯನ್ನು ಓದಿದಾಗ ನನಗೆ ಮುತ್ಯಾ ನೆನಪಾದರು. ನಾಲ್ಕು ಮಂದಿ ಬಂದಾಗ ಅವರು ನಾಲಿಗೆ ಬದಲಿಸುತ್ತಿದ್ದುದನ್ನು ಒಬ್ಬ ಹುಡುಗ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಆ ಹುಡುಗ ನಮ್ಮ ತಂದೆ. ಇಬ್ಬರನ್ನೂ ನೋಡಿ ಕಲಿತವನು ನಾನು. ಮುದುಕಿಯ ಎದುರಿಗೆ ನನ್ನ ಬಾಯಿ ಕಟ್ಟಿದ್ದು ಆ ಒಂದು ದಿನದ ಸಾಲಿನಿಂದ ಮಾತ್ರವೇ ಅಲ್ಲವೆಂದು ಆಗ ಅರಿವಾಯಿತು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಗುಂಪು ನಮ್ಮದೇ ಆದಾಗಲೂ ಅದರ ಅಮಲು ಅಪಾಯಕರವೇ. 1995ರ ಸೆಪ್ಟೆಂಬರ್ 21ರಂದು ಗಣಪತಿ ವಿಗ್ರಹ ಹಾಲು ಕುಡಿಯುತ್ತಿದೆಯೆಂಬ ಸುದ್ದಿ ಒಂದೇ ದಿನದಲ್ಲಿ ದೇಶದ ಮೂಲೆಮೂಲೆಗೆ ಹಬ್ಬಿ, ಓದಿದವರೂ ಚೆಂಬು ಹಿಡಿದು ಸಾಲಿನಲ್ಲಿ ನಿಂತರು. ಅದು ನಿರಪಾಯವಾದ ಉದಾಹರಣೆ. ನಿರಪಾಯವಲ್ಲದ ದಿನಗಳನ್ನೂ ಈ ಊರು ಕಂಡಿದೆ. 1948ರಲ್ಲಿ ರಜಾಕಾರರ ಅಬ್ಬರ ತಾರಕಕ್ಕೇರಿದ್ದಾಗ, 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯ ತರುಣ ಸಂಪಾದಕ ಶೋಯಬುಲ್ಲಾ ಖಾನರು ಹೈದರಾಬಾದು ಭಾರತದಲ್ಲಿ ಸೇರಬೇಕೆಂದು ಧೈರ್ಯವಾಗಿ ಬರೆದರು. ತಮ್ಮವರೆಲ್ಲ ಒಂದು ದಿಕ್ಕಿಗೆ ಕೂಗುತ್ತಿದ್ದಾಗ ಅವರು ತಮಗೆ ಕಂಡ ಗೆರೆಯ ಉದ್ದವನ್ನು ಇದ್ದಂತೆಯೇ ಹೇಳಿದರು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಇದೇ ನಗರದ ಬೀದಿಯಲ್ಲಿ ಅವರ ಕೊಲೆಯಾಯಿತು. ಅವರು ಬರೆದದ್ದು ಉರ್ದುವಿನಲ್ಲಿ ಎಂಬುದನ್ನು ನಾವು ನೆನಪಿಡಬೇಕು. ಭಾಷೆಗಳಲ್ಲಿ ಯಾವುದೂ ದೋಷಿಯಲ್ಲ. ದೋಷವೇನಿದ್ದರೂ ಯೋಚಿಸದೆ ಗುಂಪಿನ ದನಿಗೆ ದನಿಗೂಡಿಸುವುದರಲ್ಲಿದೆ. ಆದುದರಿಂದ ಕನ್ನಡದ ಅಭಿಮಾನವೆಂದರೆ ಇನ್ನೊಬ್ಬರ ಮಾತಿಗೆ ನಗುವುದಲ್ಲ. ವಿವೇಕವರ್ಧಿನಿಯ ಆ ನಗುವನ್ನು ನಾವು ಮತ್ತೊಬ್ಬರ ಮೇಲೆ ಪ್ರಯೋಗಿಸಿದರೆ ಇತಿಹಾಸದಿಂದ ಏನನ್ನೂ ಕಲಿಯದವರಾಗುತ್ತೇವೆ.

ನಮ್ಮ ಪಾಲಿನ ಕೆಲಸ

1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರಗಳ ಕನ್ನಡ ಪ್ರದೇಶ ವಿಶಾಲ ಮೈಸೂರನ್ನು ಸೇರಿದವು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 'ಹೈದರಾಬಾದ್ ಕರ್ನಾಟಕ'ವೆಂಬ ಹೆಸರೂ 2019ರಲ್ಲಿ 'ಕಲ್ಯಾಣ ಕರ್ನಾಟಕ'ವಾಗಿ ಬದಲಾಯಿತು. ಅದೇ ದಿನ ಹೈದರಾಬಾದು ನಗರ ಆಂಧ್ರಪ್ರದೇಶದ ರಾಜಧಾನಿಯಾಯಿತು. 2014ರಿಂದ ತೆಲಂಗಾಣದ ರಾಜಧಾನಿ. ಹೀಗಾಗಿ ರಾಜ್ಯೋತ್ಸವದ ದಿನ ಉಳಿದ ಕನ್ನಡಿಗರಿಗೆ ಕೂಡಿದ ದಿನವಾದರೆ, ಈ ಊರಿನಲ್ಲಿ ಉಳಿದುಕೊಂಡ ಕನ್ನಡಿಗರಿಗೆ ಅದು ಅಗಲಿದ ದಿನವೂ ಹೌದು. ಅಂದಿನಿಂದ ನಮಗೆ ಇಲ್ಲಿ ರಾಜ್ಯದ ಮೊಹರಿನ ಬಲವಿಲ್ಲ. ನಮಗಿರುವುದು ಚಲಾವಣೆಯ ಬಲವೊಂದೇ.

ಆ ಬಲವನ್ನು ಕಾಪಾಡಿಕೊಂಡು ಬಂದ ಹಿರಿಯರಿಗೆ ನಾವು ಋಣಿಗಳು. ಕಾಚಿಗೂಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ, ನಮ್ಮ ಸಂಘದಂಥ ಸಂಘಗಳು ಇವೆಲ್ಲ ಏನೆಂದು ಯಾರಾದರೂ ಕೇಳಿದರೆ, ಒಬ್ಬಂಟಿಗನಿಗೆ ಜೊತೆಗಾರನನ್ನು ಒದಗಿಸುವ ಏರ್ಪಾಡುಗಳು ಎಂದು ನಾನು ಉತ್ತರ ಕೊಡುತ್ತೇನೆ. ಸಂಘದ ನಾಟಕ, ಭಜನೆ, ಹಬ್ಬದ ಊಟ, ವಾರ್ಷಿಕ ಸಭೆಯ ಜಗಳ ಎಲ್ಲಕ್ಕೂ ಆ ಬೆಲೆ ಉಂಟು. ಆದರೆ ಸಂಘದ ಬಾಗಿಲು ದಾಟಿ ಬೀದಿಗೆ ಬಂದೊಡನೆ ನಾವು ಗುಂಪಿನ ಪಕ್ಷಕ್ಕೆ ಹೊರಳಿದರೆ, ಒಳಗೆ ಮಾಡಿದ್ದೆಲ್ಲ ಖರ್ಚಿನ ಬಾಬತ್ತಿಗೆ ಹೋದಂತೆಯೇ.

ಕೊನೆಯದಾಗಿ ನನ್ನ ಮನೆಯ ಮಾತು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಂದು ಸಂಜೆ ನಾನೂ ಏಳು ವರ್ಷದ ಮಗಳೂ ಬರುತ್ತಿದ್ದೆವು. ನೆರೆಯವರು ಮೂವರು ಒಳಗೆ ಬಂದರು. ನಾನು ಅವಳ ಶಾಲೆಯ ವಿಷಯವನ್ನು ಕನ್ನಡದಲ್ಲಿ ಕೇಳುತ್ತಿದ್ದೆ. ಅವಳು ನನ್ನ ಕೈಯನ್ನು ಹಿಡಿದೆಳೆದು, "ಅಪ್ಪಾ, ಮೆಲ್ಲಗೆ ಮಾತಾಡು" ಎಂದಳು. ಆ ಮೂವರು ಏನೂ ಅಂದಿರಲಿಲ್ಲ, ನಕ್ಕಿರಲೂ ಇಲ್ಲ. ಏಳು ವರ್ಷದ ಕೂಸಿಗೆ ನಾಲ್ಕು ಜನರ ಹೆದರಿಕೆಯನ್ನು ಕಲಿಸಿದವರಾರು? ಮುತ್ಯಾನಿಂದ ತಂದೆಗೆ, ತಂದೆಯಿಂದ ನನಗೆ ಬಂದದ್ದು ಅವಳವರೆಗೂ ತಲುಪಿತ್ತು. ಇದು ನನ್ನ ಖಾತೆಯ ಬಾಕಿ, ತೀರಿಸಬೇಕಾದವನೂ ನಾನೇ.

ನಾನು ಮೆಲ್ಲಗೆ ಮಾತನಾಡಲಿಲ್ಲ. ಗಟ್ಟಿಯಾಗಿಯೂ ಕೂಗಲಿಲ್ಲ. ಮೊದಲು ಹೇಗೆ ಮಾತನಾಡುತ್ತಿದ್ದೆನೋ ಹಾಗೆಯೇ, ಇವೊತ್ತು ಡಬ್ಬಿಯಲ್ಲಿದ್ದ ರೊಟ್ಟಿ ತಿಂದೆಯೋ ಇಲ್ಲವೋ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪಲ್ಯ ಖಾರವಾಗಿತ್ತೆಂದು ಕನ್ನಡದಲ್ಲಿಯೇ ದೂರು ಹೇಳಿದಳು. ಅದನ್ನು ಕೇಳಿ, ನಮ್ಮ ಮೇಲಿನ ಅಂತಸ್ತಿನ ತೆಲುಗು ಹೆಂಗಸು ನಗುತ್ತ, ತಮ್ಮ ಅತ್ತೆಯ ತವರು ರಾಯಚೂರೆಂದೂ, ಈ ಮಾತು ಕೇಳಿ ಬಹಳ ದಿನವಾಗಿತ್ತೆಂದೂ ತೆಲುಗಿನಲ್ಲಿ ಹೇಳಿದರು. ಮಗಳು ನನ್ನ ಕೈ ಬಿಟ್ಟು ಆಕೆಯನ್ನೇ ನೋಡುತ್ತಿದ್ದಳು.

ಮರುದಿನದಿಂದ ನನ್ನ ಕೌಂಟರಿನ ಗಾಜಿನ ಮೇಲೆ 'ಕನ್ನಡದಲ್ಲಿಯೂ ಮಾತನಾಡಬಹುದು' ಎಂದು ಒಂದು ಚೀಟಿ ಅಂಟಿಸಿದ್ದೇನೆ. ತೆಲುಗು, ಹಿಂದಿಗಳಿಗೆ ಮೊದಲೇ ಫಲಕವಿದೆ. ಆ ಮುದುಕಿ ಓದಲಾರಳು. ಆದರೆ ಅವಳು ಮತ್ತೆ ಬಂದಾಗ ಮೊದಲ ಮಾತು ನನ್ನದಾಗಿರುತ್ತದೆ. ಈ ರಾಜ್ಯೋತ್ಸವದ ದಿನ ವಾಚಕ ಬಂಧುಗಳಲ್ಲಿ ನನ್ನ ವಿನಂತಿಯೂ ಇಷ್ಟೇ: ನಾಲ್ಕು ಜನ ಏನೆಂದಾರೋ ಎಂದು ಅಂಜಿ ನಿಂತಿರುವ ಒಬ್ಬ ಕನ್ನಡಿಗನು ಈ ಮಹಾನಗರದ ಯಾವುದೋ ಸಾಲಿನಲ್ಲಿ ಇಂದೂ ಇದ್ದಾನೆ. ಅವನಿಗೆ ನಾವು ಎರಡನೆಯವರಾಗೋಣ.